ಮುಖ ನೋಡಿ ಮಣೆ

ಶಾಲೆಗೆ ದೊಡ್ಡವರು ಯಾರಾದರೂ ಬರುತ್ತಾರೆಂದರೆ ನನ್ನ ಪಾಲಿಗೆ ಒಂದು ಕೆಲಸ ಕಟ್ಟಿಟ್ಟದ್ದು. ಬಾಗಿಲಲ್ಲಿ ಆರತಿ ಹಿಡಿಯಲಿಕ್ಕೆ ಇಬ್ಬರು, ಹಾರದ ತಟ್ಟೆ ಹಿಡಿದು ನಿಲ್ಲಲಿಕ್ಕೆ ಒಬ್ಬಳು, ಸ್ವಾಗತ ಗೀತೆಗೆ ಐದಾರು ಜನ, ಇಷ್ಟು ಹುಡುಗಿಯರನ್ನು ಆರಿಸಿ ಕೊಡುವುದು. ಬಿ.ಇ.ಓ. ಸಾಹೇಬರು ಬರಲಿ, ಶಾಸಕರು ಬರಲಿ, ಕೊಠಡಿ ಕಟ್ಟಿಸಿಕೊಟ್ಟ ದಾನಿಗಳು ಬರಲಿ, ಈ ಆಯ್ಕೆ ಮಾತ್ರ ನನ್ನದೇ. ಮೂವತ್ತು ವರ್ಷಗಳಲ್ಲಿ ನಾಲ್ಕು ಶಾಲೆ ತಿರುಗಿದ್ದೇನೆ, ಏಳು ಮಂದಿ ಮುಖ್ಯೋಪಾಧ್ಯಾಯರನ್ನು ಕಂಡಿದ್ದೇನೆ. ಏಳೂ ಜನ ಹೇಳಿದ ಮಾತು ಒಂದೇ: “ಸ್ವಲ್ಪ ಲಕ್ಷಣವಾಗಿರೋ ಹುಡುಗೇರನ್ನ ನೋಡ್ರಿ ಮೇಡಂ.” ಹಾಗೆಂದರೆ ಏನು ಎಂದು ನಾನು ಒಬ್ಬರನ್ನೂ ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ. ತರಗತಿಯ ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣು ಹಾಯಿಸಿದರೆ ಸಾಕು, ಯಾರು ಏಳಬೇಕೆಂದು ನನಗೂ ಗೊತ್ತು, ಏಳುವ ಹುಡುಗಿಯರಿಗೂ ಗೊತ್ತು. ಏಳಬೇಕಾಗಿಲ್ಲದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಅವರು ಆ ಹೊತ್ತಿಗೆ ತಲೆ ತಗ್ಗಿಸಿ ಪುಸ್ತಕದಲ್ಲಿ ಏನನ್ನೋ ಹುಡುಕುತ್ತಿರುತ್ತಾರೆ. ಸ್ವಾಗತ ಗೀತೆಯಲ್ಲಂತೂ ನಮ್ಮದೊಂದು ಹಳೆಯ ಪದ್ಧತಿ ಇದೆ. ಕೊರಳು ಇರುವವರು ಹಿಂದಿನ ಸಾಲಿನಲ್ಲಿ, ತುಟಿ ಆಡಿಸುವವರು ಮುಂದಿನ ಸಾಲಿನಲ್ಲಿ.

ಲಕ್ಷಣ ಎಂಬ ಮಾತನ್ನೇ ನೋಡಿ. ಕಣ್ಣು ಮೂಗು ತಿದ್ದಿದ ಹಾಗಿದ್ದರೆ ಹುಡುಗಿ ಲಕ್ಷಣವಾಗಿದ್ದಾಳೆ. ಅದೇ ಹುಡುಗಿ ಹಿರಿಯರೆದುರು ಕಾಲು ಚಾಚಿ ಕೂತರೆ ‘ಇದೇನು ಅವಲಕ್ಷಣ’ ಎನ್ನುತ್ತೇವೆ. ಒಂದು ಮುಖದ ವಿಷಯ, ಇನ್ನೊಂದು ನಡತೆಯ ವಿಷಯ; ಪದ ಮಾತ್ರ ಒಂದೇ. ಚೆನ್ನ ಎಂದರೆ ಚೆಲುವು. ಆದರೆ ‘ಚೆನ್ನಾಗಿ ಓದು’ ಎಂದು ಮಗುವಿಗೆ ಹೇಳುವಾಗ, ‘ಚೆನ್ನಾಗಿದ್ದೀರಾ’ ಎಂದು ಎದುರಾದವರನ್ನು ವಿಚಾರಿಸುವಾಗ ಚೆಲುವಿನ ಮಾತು ಎಲ್ಲಿ ಬಂತು? ನಮ್ಮ ಕಡೆಯ ‘ಚಂದಾಗಿ’ಯೂ ಅಷ್ಟೆ. ‘ಚಂದಾಗಿ ಮಾತಾಡು’ ಎಂದರೆ ಮರ್ಯಾದೆಯಿಂದ ಮಾತಾಡು ಎಂದು. ಚೆಲುವಾದದ್ದು ಒಳ್ಳೆಯದು ಎಂಬ ತೀರ್ಮಾನವನ್ನು ಭಾಷೆ ನಮ್ಮನ್ನು ಕೇಳದೆ ಎಂದೋ ಮಾಡಿಟ್ಟಿದೆ. ನಾನು ಸಮಾಜ ವಿಜ್ಞಾನ ಹೇಳುವವಳು. ಕನ್ನಡ ಮೇಡಂ ರಜೆ ಹಾಕಿದಾಗ ಮಾತ್ರ ಕನ್ನಡವನ್ನೂ ಹೇಳುತ್ತೇನೆ. ಹಾಗಾಗಿ ಈ ಪದಗಳ ಗೊಡವೆಗೆ ನಾನಾಗಿ ಹೋದವಳಲ್ಲ. ಹೋಗುವಂತೆ ಮಾಡಿದವಳು ನನ್ನ ಅಕ್ಕನ ಮಗಳು.

ಅವಳು ಧಾರವಾಡದಲ್ಲಿ ಮನಃಶಾಸ್ತ್ರದ ಎಂ.ಎ. ಓದುತ್ತಿದ್ದಳು. 2023ರ ದಸರಾ ರಜೆಯಲ್ಲಿ ಗಾದಿಗನೂರಿಗೆ ಬಂದು ನಮ್ಮ ಮನೆಯಲ್ಲಿ ಎಂಟು ದಿನ ಇದ್ದಳು. ಹಗಲೆಲ್ಲ ಹೆದ್ದಾರಿಯ ಲಾರಿಗಳ ಸದ್ದು, ರಾತ್ರಿ ಅದಿರಿನ ಗೂಡ್ಸ್ ಗಾಡಿಗಳ ಸದ್ದು. ಇದರ ನಡುವೆ ಹೇಗೆ ನಿದ್ದೆ ಮಾಡುತ್ತೀರಿ ಎಂದು ಕೇಳುತ್ತ, ನಿದ್ದೆ ಬಾರದ್ದಕ್ಕೆ ಓದುತ್ತ ಕೂರುತ್ತಿದ್ದಳು. ಒಂದು ರಾತ್ರಿ ತಾನು ಓದುತ್ತಿದ್ದ ಲೇಖನದ ಹೆಸರನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಳು: ‘ಚೆಲುವಾದದ್ದು ಒಳ್ಳೆಯದು’. 1972ರಲ್ಲಿ ಅಮೆರಿಕದ ಮೂವರು ಹೆಂಗಸರು, ಕ್ಯಾರನ್ ಡಿಯಾನ್, ಎಲೆನ್ ಬರ್ಶೈಡ್ ಮತ್ತು ಎಲೈನ್ ವಾಲ್‌ಸ್ಟರ್ ಎಂಬುವರು, ಸೇರಿ ಬರೆದದ್ದು. ಹೆಂಗಸರು ಎಂದು ಕೇಳಿ ನನ್ನ ಕಿವಿ ಚುರುಕಾಯಿತು. ಚೆಲುವಿನ ಮೇಲೆ ಗಂಡಸರು ಬರೆದದ್ದು ಬೇಕಾದಷ್ಟಿದೆ.

ಈ ಎಲೈನ್ ವಾಲ್‌ಸ್ಟರ್ ಅವರೇ ಮುಂದೆ ಎಲೈನ್ ಹ್ಯಾಟ್‌ಫೀಲ್ಡ್ ಎಂದು ಹೆಸರಾದವರು. ಪುಸ್ತಕಗಳಲ್ಲಿ ಎರಡು ಹೆಸರಿನಲ್ಲಿ ಬರುವವರು ಒಬ್ಬರೇ. 1937ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿ, 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಷ್ಟು ಓದಿದರೂ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಅವರಿಗೆ ಮೊದಲು ಸಿಕ್ಕ ಜಾಗ ವಿದ್ಯಾರ್ಥಿಗಳ ಚಟುವಟಿಕೆ ನೋಡಿಕೊಳ್ಳುವ ಕಚೇರಿಯಲ್ಲಿ. ಹೊಸ ಹುಡುಗ ಹುಡುಗಿಯರಿಗೆ ನೃತ್ಯಕೂಟ ಏರ್ಪಡಿಸುವುದೂ ಅವರ ಕೆಲಸಗಳಲ್ಲಿ ಒಂದು. ನಮ್ಮಲ್ಲಿ ಸಾಂಸ್ಕೃತಿಕ ಕಾರ್ಯಕ್ರಮ ಎಂದರೆ ಲೇಡಿ ಟೀಚರ ತಲೆಗೆ ಕಟ್ಟುತ್ತಾರಲ್ಲ, ಅಲ್ಲಿಯೂ ಹಾಗೇ ಇತ್ತೆಂದು ಕಾಣುತ್ತದೆ. ಆಕೆ ಗೊಣಗುತ್ತ ಕೂರದೆ ಆ ನೃತ್ಯಕೂಟವನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಕಂಪ್ಯೂಟರ್ ನಿಮಗೆ ತಕ್ಕ ಜೊತೆಯನ್ನು ಹುಡುಕಿಕೊಡುತ್ತದೆ ಎಂದು ಹೇಳಿ 376 ಹುಡುಗರನ್ನೂ 376 ಹುಡುಗಿಯರನ್ನೂ ಜೋಡಿ ಮಾಡಿದರು. ನಿಜವಾಗಿ ಕಂಪ್ಯೂಟರ್ ಏನನ್ನೂ ಹುಡುಕಿರಲಿಲ್ಲ. ಹುಡುಗಿ ಹುಡುಗನಿಗಿಂತ ಎತ್ತರ ಇರಬಾರದು ಎಂಬುದೊಂದನ್ನು ನೋಡಿಕೊಂಡು ಉಳಿದದ್ದನ್ನು ಚೀಟಿ ಎತ್ತಿದ ಹಾಗೆ ಮಾಡಿದ್ದರು. ಟಿಕೆಟ್ ಕೊಡುವ ಕಡೆ ಕೂತಿದ್ದ ನಾಲ್ವರು ಬಂದವರ ರೂಪಕ್ಕೆ ಗುಟ್ಟಾಗಿ ಅಂಕ ಹಾಕಿದರು. ಕೂಟದ ಬಿಡುವಿನಲ್ಲಿ, ನಿಮ್ಮ ಜೊತೆಗಾರರು ಹಿಡಿಸಿದರೇ, ಇನ್ನೊಮ್ಮೆ ಕಾಣಲು ಇಷ್ಟವೇ ಎಂದು ವಿಚಾರಿಸಿದರು.

ಮನುಷ್ಯರು ತಮ್ಮ ಬೆಲೆ ತಾವು ಅರಿತು ತಮಗೆ ಸರಿಸಮಾನರನ್ನೇ ಬಯಸುತ್ತಾರೆ ಎಂಬುದು ಅವರ ಊಹೆಯಾಗಿತ್ತು. 1966ರಲ್ಲಿ ಫಲಿತಾಂಶ ಪ್ರಕಟವಾದಾಗ ಆ ಊಹೆ ಬಿದ್ದುಹೋಗಿತ್ತು. ಜಾಣತನ, ಸ್ವಭಾವ, ಪರೀಕ್ಷೆಯ ಅಂಕ ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಸಾಧಾರಣ ರೂಪಿನವರೂ ಸೇರಿದಂತೆ ಎಲ್ಲರೂ ಬಯಸಿದ್ದು ಹೆಚ್ಚು ಚೆಲುವಾದವರನ್ನೇ.

1972ರ ಲೇಖನದ ಪ್ರಯೋಗ ಇನ್ನೂ ಸರಳ. ಅರವತ್ತು ಜನ ವಿದ್ಯಾರ್ಥಿಗಳಿಗೆ ಗುರುತಿಲ್ಲದವರ ಫೋಟೋಗಳನ್ನು ಕೊಟ್ಟು, ಇವರ ಸ್ವಭಾವ ಎಂಥದು, ಮುಂದೆ ಬಾಳು ಹೇಗಾದೀತು ಹೇಳಿ ಎಂದರು. ಚೆಲುವಾದವರೇ ಮೃದು ಮನಸ್ಸಿನವರು, ಅವರಿಗೇ ಒಳ್ಳೆಯ ಕೆಲಸ, ಅವರದೇ ಸುಖ ಸಂಸಾರ ಎಂದು ಫೋಟೋ ನೋಡಿಯೇ ಜಾತಕ ಬರೆದುಬಿಟ್ಟರು. ಒಂದು ಪ್ರಶ್ನೆಯಲ್ಲಿ ಮಾತ್ರ ಈ ಪಕ್ಷಪಾತ ಕಾಣಲಿಲ್ಲ. ಒಳ್ಳೆಯ ತಾಯಿ ತಂದೆ ಆಗುವವರು ಯಾರು ಎಂದಾಗ ಚೆಲುವರಿಗೆ ಹೆಚ್ಚಿನ ಅಂಕ ಬೀಳಲಿಲ್ಲ. ಅಲ್ಲಿಯವರಿಗೂ ತಮ್ಮ ತಮ್ಮ ಅವ್ವಂದಿರ ಮುಖ ನೆನಪಾಗಿರಬೇಕು ಎಂದು ನಾನು ನಕ್ಕೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವೆ. ಹೆಗ್ಗಣಕ್ಕೂ ಹೆತ್ತವರು ಮುದ್ದಾಗಿಯೇ ಕಂಡಾರು. ಸಂಕಟ ಇರುವುದು ಹೆತ್ತವರಲ್ಲದವರ ಕೈಗೆ ಮಗು ಬಂದಾಗ. ಎಂದರೆ ನಮ್ಮ ಕೈಗೆ.

ಆ ಮೂವರಲ್ಲಿ ಕ್ಯಾರನ್ ಡಿಯಾನ್ ಅದೇ ವರ್ಷ ಮಕ್ಕಳ ತಪ್ಪಿನ ಬಗ್ಗೆ ಇನ್ನೊಂದು ಲೇಖನ ಬರೆದರು. ಏಳು ವರ್ಷದ ಮಗುವೊಂದು ಕೆಟ್ಟದಾಗಿ ನಡೆದುಕೊಂಡ ಸಂಗತಿ ಬರೆದು ಕಾಲೇಜು ಹುಡುಗಿಯರಿಗೆ ಓದಲು ಕೊಟ್ಟರು. ತಪ್ಪು ಒಂದೇ, ಅಂಟಿಸಿದ ಫೋಟೋ ಮಾತ್ರ ಬೇರೆ ಬೇರೆ. ಮುದ್ದಾದ ಮುಖವಿದ್ದಾಗ, ಪಾಪ, ಅವತ್ತೇನೋ ಹಾಗೆ ಮಾಡಿದೆ ಎಂದರು. ಮುದ್ದಾಗಿಲ್ಲದ ಮುಖವಿದ್ದಾಗ, ತಪ್ಪು ದೊಡ್ಡದಾದಷ್ಟೂ, ಇದರ ಗುಣವೇ ಇಂಥದು ಎಂದರು. ಇದನ್ನು ಕೇಳುವಾಗ ನನಗೆ ಜನ್ನನ ಯಶೋಧರ ಚರಿತೆ ನೆನಪಾಯಿತು. 1209ರ ಕಾವ್ಯ. ರಾಣಿ ಅಮೃತಮತಿ ರಾತ್ರಿ ಮಾವುತನ ಹಾಡು ಕೇಳಿ ಅವನಿಗೆ ಮನಸೋಲುತ್ತಾಳೆ. ಆಮೇಲೆ ತಿಳಿಯುತ್ತದೆ, ಅವನು ಅಷ್ಟಾವಂಕ, ಕಣ್ಣೆತ್ತಿ ನೋಡಲಾಗದ ಕುರೂಪಿ. ಬಿ.ಎ. ತರಗತಿಯಲ್ಲಿ ಇದನ್ನು ಕೇಳಿದಾಗ ನಾವು ಹುಡುಗಿಯರೆಲ್ಲ ಥೂ ಎಂದಿದ್ದೆವು. ಆ ಥೂ ಯಾತಕ್ಕೆ? ರಾಣಿ ಗಂಡನಿಗೆ ಎರಡು ಬಗೆದಳೆಂದೋ ಅಥವಾ ಇಂಥವನಿಗಾಗಿ ಬಗೆದಳೆಂದೋ? ಮಾವುತ ಮನ್ಮಥನ ಹಾಗಿದ್ದಿದ್ದರೆ ಕೋಣೆಯ ಅರ್ಧ ಜನ ಅಯ್ಯೋ ಪಾಪ ಎನ್ನುತ್ತಿದ್ದರು. ಕೊರಳನ್ನು ಮೊದಲು ಕೇಳಿ ಮುಖವನ್ನು ಆಮೇಲೆ ನೋಡಿದವಳು ಅವಳೊಬ್ಬಳೇ ಎಂಬುದು ಆಗ ಹೊಳೆಯಲಿಲ್ಲ.

ನನ್ನ ನಗು ನಿಂತದ್ದು ಅಕ್ಕನ ಮಗಳು ಮುಂದಿನದನ್ನು ಓದಿ ಹೇಳಿದಾಗ. ಮಾರ್ಗರೆಟ್ ಕ್ಲಿಫರ್ಡ್ ಎಂಬುವರೂ ಈ ಎಲೈನ್ ಅವರೂ ಕೂಡಿ 1973ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಮಿಸ್ಸೂರಿ ರಾಜ್ಯದ ಐದನೆಯ ತರಗತಿಯ ಉಪಾಧ್ಯಾಯರಿಗೆ ಒಂದು ಪ್ರಗತಿ ಪತ್ರ ಕಳಿಸಿದರು. ಅಂಕಗಳು, ಹಾಜರಿ, ನಡತೆ ಎಲ್ಲ ಅದರಲ್ಲಿವೆ. ಮೂಲೆಯಲ್ಲಿ ಮಗುವಿನ ಫೋಟೋ. ಪತ್ರ ಎಲ್ಲರಿಗೂ ಒಂದೇ, ಫೋಟೋ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ನೂರಾರು ಉಪಾಧ್ಯಾಯರು ಉತ್ತರ ಬರೆದರು. ಅದೇ ಅಂಕ, ಅದೇ ಹಾಜರಿ ಕಣ್ಣೆದುರು ಇದ್ದರೂ ಚೆಲುವಾದ ಮಗುವಿಗೆ ಬುದ್ಧಿ ಹೆಚ್ಚು, ಅದರ ತಂದೆತಾಯಿಗಳಿಗೆ ಓದಿಸುವ ಆಸಕ್ತಿ ಹೆಚ್ಚು, ಅದು ಮುಂದೆ ಹೆಚ್ಚು ಓದುತ್ತದೆ ಎಂದು ಅಭಿಪ್ರಾಯ ಕೊಟ್ಟರು. “ಚಿಕ್ಕಮ್ಮ, ನೀವಾಗಿದ್ರೆ ಏನು ಬರೀತಿದ್ರಿ?” ಎಂದು ಕೇಳಿದಳು. ನಾನು ದೀಪ ಆರಿಸಿ ಮಲಗಿಕೋ ಎಂದೆ.

2004ರ ಸಂಗತಿ ಇದು. ಆಗ ನಾನಿದ್ದದ್ದು ಬೇರೊಂದು ಊರಿನ ಶಾಲೆ. ಊರಿನ ಹೆಸರೂ ಬೇಡ, ಹುಡುಗಿಯರ ಹೆಸರೂ ಬೇಡ. ಒಂಬತ್ತನೆಯ ತರಗತಿಯವರನ್ನು ಹಂಪಿಗೆ ಕರೆದುಕೊಂಡು ಹೋಗಲೆಂದು ತಲೆಗೆ ನಲವತ್ತು ರೂಪಾಯಿಯಂತೆ ಎತ್ತುತ್ತಿದ್ದೆ. ಅವತ್ತು ಬೆಳಿಗ್ಗೆ ಹದಿಮೂರು ಜನ ಕೊಟ್ಟರು. 520 ರೂಪಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ಮೇಜಿನ ಮೇಲೆ ಇಟ್ಟ ನೆನಪು. ಊಟದ ಬಿಡುವು ಮುಗಿಸಿ ಬಂದರೆ ಹಣ ಇಲ್ಲ. ಬಿಡುವಿನಲ್ಲಿ ಹೊರಗೆ ಹೋಗದೆ ಒಳಗೇ ಇದ್ದವರು ಇಬ್ಬರು ಹುಡುಗಿಯರು.

ಒಬ್ಬಳು ನಮ್ಮ ಆರತಿ ತಟ್ಟೆಯ ಹುಡುಗಿ. ಕೆನ್ನೆಯಲ್ಲಿ ಗುಳಿ, ಎರಡು ಜಡೆ, ಕೇಳಿದ್ದಕ್ಕೆಲ್ಲ ಮುಖ ನೋಡಿ ಉತ್ತರ ಕೊಡುವವಳು. ಇನ್ನೊಬ್ಬಳಿಗೆ ಮೇಲಿನ ಹಲ್ಲು ಮುಂದೆ ಬಂದಿದ್ದವು, ಒಂದು ಕಣ್ಣು ಸ್ವಲ್ಪ ಮೆಳ್ಳೆ. ಮಾತಾಡಿಸಿದರೆ ನೆಲ ನೋಡುತ್ತಿದ್ದಳು. ನಾನು ಇಬ್ಬರ ಚೀಲವನ್ನೂ ನೋಡಬಹುದಿತ್ತು. ಯಾರ ಚೀಲವನ್ನೂ ನೋಡದೆ ನನ್ನ ಮೇಜನ್ನೇ ಇನ್ನೊಮ್ಮೆ ಹುಡುಕಬಹುದಿತ್ತು. ಅದು ಬಿಟ್ಟು ನೆಟ್ಟಗೆ ಆ ಎರಡನೆಯವಳ ಬೆಂಚಿಗೆ ಹೋದೆ. ಅವಳ ಚೀಲವನ್ನು ಇಡೀ ತರಗತಿಯ ಮುಂದೆ ಬೆಂಚಿನ ಮೇಲೆ ಸುರಿದೆ. ಮೂರು ಪುಸ್ತಕ, ಮೋಟು ಪೆನ್ಸಿಲು, ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಪುಂಡಿಪಲ್ಯ. ರೊಟ್ಟಿ ಮುಟ್ಟಿಯೇ ಇರಲಿಲ್ಲ. ಬಿಡುವಿನಲ್ಲಿ ಒಳಗೆ ಉಳಿದವಳು ಊಟವನ್ನೂ ಮಾಡಿರಲಿಲ್ಲ. ಅವಳು ಅಳಲಿಲ್ಲ. ಸುರಿದದ್ದನ್ನು ಒಂದೊಂದಾಗಿ ಮತ್ತೆ ಚೀಲಕ್ಕೆ ಹಾಕಿಕೊಂಡಳು. ಅಳದಿದ್ದುದು ಕೂಡ ಆಗ ನನಗೆ ಅವಳ ಮೇಲಿನ ಅನುಮಾನಕ್ಕೆ ಇನ್ನೊಂದು ಕಾರಣವಾಗಿ ಕಂಡಿತು.

ಸಂಜೆ ಹಾಜರಿ ಪುಸ್ತಕ ತೆರೆದರೆ ಅದರ ನಡುವೆ ರಬ್ಬರ್ ಬ್ಯಾಂಡ್ ಸಮೇತ ಹಣ ಇತ್ತು. ನಾನೇ ಇಟ್ಟು ಮರೆತಿದ್ದೆ. ಮರುದಿನ ತರಗತಿಗೆ ಹೋಗಿ “ಹಣ ಸಿಕ್ಕಿದೆ, ಯಾರೂ ತೆಗೆದಿರಲಿಲ್ಲ” ಎಂದೆ, ಪಾಠ ಶುರು ಮಾಡಿದೆ. ತಪ್ಪಾಯಿತು ಎಂದು ಹೇಳಲಿಲ್ಲ. ಮಕ್ಕಳೆದುರು ತಪ್ಪೊಪ್ಪಿಕೊಂಡರೆ ಮಾಸ್ತರಿಕೆಯ ಗತ್ತು ಉಳಿಯುವುದಿಲ್ಲ ಎಂದು ನಮಗೆ ಹಿರಿಯರು ಹೇಳಿಕೊಟ್ಟಿದ್ದರು. ಪ್ರವಾಸದ ಹಿಂದಿನ ದಿನ ಅವಳ ತಮ್ಮ ಬಂದು, “ಅಕ್ಕಗ ಜ್ವರ ಬಂದಾವ್ರಿ, ದುಡ್ಡು ವಾಪಸ್ ಕೊಡಬೇಕಂತ್ರಿ” ಎಂದ. ನಲವತ್ತು ರೂಪಾಯಿ ಎಣಿಸಿ ಕೊಟ್ಟೆ.

ಹಂಪಿಯಲ್ಲಿ ಉಗ್ರನರಸಿಂಹನ ಮುಂದೆ ಮಕ್ಕಳನ್ನು ನಿಲ್ಲಿಸಿ ಪಾಠ ಹೇಳಿದ್ದು ಇವತ್ತಿಗೂ ನೆನಪಿದೆ. 1528ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ಕಡೆದ ಮೂರ್ತಿ, ಎತ್ತರ 6.7 ಮೀಟರ್. ಗುಡ್ಡೆ ಬಿದ್ದ ಕಣ್ಣು, ತೆರೆದ ಬಾಯಿ ನೋಡಿ ಜನ ಉಗ್ರನರಸಿಂಹ ಎಂದರು. ಇದು ಉಗ್ರ ಮೂರ್ತಿ ಅಲ್ಲ, ಲಕ್ಷ್ಮೀನರಸಿಂಹ. ತೊಡೆಯ ಮೇಲೆ ಲಕ್ಷ್ಮಿ ಕೂತಿದ್ದಳು, ವಿಗ್ರಹ ಒಡೆದಾಗ ಅವಳು ಹೋದಳು, ಅವನ ಬೆನ್ನನ್ನು ಬಳಸಿದ ಅವಳ ಕೈಯೊಂದು ಉಳಿದಿದೆ, ಹಿಂದೆ ಹೋಗಿ ನೋಡಿ, ಮುಖ ನೋಡಿ ಹೆಸರಿಡಬಾರದು ಮಕ್ಕಳೇ, ಎಂದು ಕೈ ಎತ್ತಿ ಎತ್ತಿ ಹೇಳಿದೆ. ಹೇಳಿದ ಮಾತು ನನ್ನ ಕಿವಿಗೆ ಬೀಳಲಿಲ್ಲ. ಆರತಿ ತಟ್ಟೆಯ ಹುಡುಗಿ ಮುಂದೆಯೇ ನಿಂತು ನೋಟ್ಸ್ ಬರೆದುಕೊಳ್ಳುತ್ತಿದ್ದಳು.

ಅವಳಿಗಾದರೂ ನಾನು ಒಳ್ಳೆಯದು ಮಾಡಿದೆನೆ? ಅವಳ ಕಾಗುಣಿತದ ತಪ್ಪನ್ನು ನಾನು ಎಂದೂ ಕೆಂಪು ಮಸಿಯಲ್ಲಿ ತಿದ್ದಲಿಲ್ಲ. ಮುಂದಿನ ವರ್ಷ ವಾರ್ಷಿಕೋತ್ಸವದಲ್ಲಿ ಅವಳು ಆರತಿ ಹಿಡಿದು ನಿಂತದ್ದನ್ನು ಅತಿಥಿಗಳ ಜೊತೆ ಬಂದವರೊಬ್ಬರು ಕಂಡರು, ಮನೆಯ ವಿಳಾಸ ಕೇಳಿದರು. ಹದಿನೆಂಟು ತುಂಬುವುದನ್ನೇ ಕಾದಿದ್ದು ಮದುವೆ ಮಾಡಿದರು. ಪಿ.ಯು.ಸಿ. ಅರ್ಧಕ್ಕೆ ನಿಂತಿತು. ಆರಿಸಿ ನಿಲ್ಲಿಸಿದವಳು ನಾನೇ.

ನಾನೇನೂ ಮೇನಕೆಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ನನ್ನನ್ನು ನೋಡಲು ಬಂದವರ ಮುಂದೆ ನಮ್ಮಪ್ಪ ‘ಹುಡುಗಿ ಬಿ.ಎ., ಬಿ.ಎಡ್.’ ಎಂದು ಮೂರು ಮೂರು ಸಲ ಹೇಳುತ್ತಿದ್ದರು. ಚೆಲುವೆಯಾಗಿದ್ದರೆ ಒಂದು ಸಲ ಸಾಕಾಗುತ್ತಿತ್ತು. ಇಬ್ಬರು ಗಂಡುಗಳು ಉಪ್ಪಿಟ್ಟು ತಿಂದು ಹೋದವರು ತಿರುಗಿ ಬರಲಿಲ್ಲ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಡಬ್ಬಿಯನ್ನು ನಮ್ಮವ್ವ ಅಕ್ಕಿ ಡಬ್ಬದ ಹಿಂದೆ ಅಡಗಿಸಿ ಇಡುತ್ತಿದ್ದಳು, ನನಗಾಗಿ. (2020ರಲ್ಲಿ ಅದಕ್ಕೆ ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಾಯಿತು. ಅಂಗಡಿಯಲ್ಲಿ ಕೇಳುವವರು ಈಗಲೂ ಹಳೆಯ ಹೆಸರಿನಲ್ಲೇ ಕೇಳುತ್ತಾರೆ.) ಮುಖದ ದೆಸೆಯಿಂದ ಆಗುವ ನೋವು ಏನೆಂದು ತಿಳಿದವಳೇ ಆ ಚೀಲ ಸುರಿದದ್ದು. ನೋವು ಉಂಡವರಿಗೆ ಇನ್ನೊಬ್ಬರ ನೋವು ತಾನಾಗಿ ತಿಳಿಯುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ.

ಅಕ್ಕನ ಮಗಳಿಗೆ ಮರುದಿನ ಇದನ್ನೆಲ್ಲ ಹೇಳಿದೆ. ಅವಳು ನನ್ನನ್ನು ಸಮಾಧಾನ ಮಾಡಲಿಕ್ಕೆ ಇನ್ನೊಂದು ಸಂಶೋಧನೆ ತೆಗೆದಳು. ಜೂಡಿತ್ ಲ್ಯಾಂಗ್ಲೋಯ್ ಎಂಬುವರು ಮತ್ತು ಅವರ ಸಂಗಡಿಗರು 1987ರಲ್ಲಿ ತೋರಿಸಿದ ಪ್ರಕಾರ, ಎರಡು ಮೂರು ತಿಂಗಳ ಹಸುಗೂಸುಗಳಿಗೆ ಎರಡು ಮುಖದ ಚಿತ್ರಗಳನ್ನು ತೋರಿಸಿದರೆ, ದೊಡ್ಡವರು ಯಾವುದನ್ನು ಚೆಲುವು ಎನ್ನುತ್ತಾರೋ ಅದನ್ನೇ ಕೂಸೂ ಹೆಚ್ಚು ಹೊತ್ತು ನೋಡುತ್ತದೆ. “ತೊಟ್ಟಿಲ ಕೂಸೇ ಹಂಗೆ ಮಾಡಿದರೆ ನಿಮ್ಮದೇನು ತಪ್ಪು ಬಿಡ್ರಿ ಚಿಕ್ಕಮ್ಮ” ಎಂದಳು.

ಈ ಸಮಾಧಾನ ನನಗೆ ಬಹಳ ದಿನ ಬೇಕಾಗಿತ್ತು. ಆದರೆ ಯೋಚಿಸಿದಷ್ಟೂ ಅದು ನಿಲ್ಲುವಂತೆ ಕಾಣಲಿಲ್ಲ. ಕೂಸು ನೋಡುತ್ತದೆ, ಅಷ್ಟೆ. ಅದು ಯಾರ ಚೀಲವನ್ನೂ ಸುರಿಯುವುದಿಲ್ಲ. ಕಣ್ಣು ಎಲ್ಲಿ ಮೊದಲು ಬೀಳುತ್ತದೆ ಎಂಬುದಕ್ಕೆ ನಾನು ಹೊಣೆಯಲ್ಲ ಎಂದೇ ಇಟ್ಟುಕೊಳ್ಳೋಣ. ಕಣ್ಣು ಬಿದ್ದ ಮೇಲೆ ಕಾಲು ಆ ಬೆಂಚಿನ ಕಡೆ ನಡೆಯಿತಲ್ಲ, ಆ ಆರೇಳು ಹೆಜ್ಜೆಗೆ ಹೊಣೆ ಯಾರು? ಅದಕ್ಕೆ ನನ್ನ ಹತ್ತಿರ ಕಾರಣಗಳಿದ್ದವು: ಹುಡುಗಿ ಮಂಕು, ನೆಲ ನೋಡುತ್ತಾಳೆ, ನೇರ ಉತ್ತರ ಕೊಡುವುದಿಲ್ಲ, ಅಳುವುದೂ ಇಲ್ಲ. ಹಲ್ಲು ಮುಂದೆ ಬಂದಿದೆ, ಆದ್ದರಿಂದ ಕಳ್ಳಿ ಎಂದು ಯಾರೂ ತಮಗೆ ತಾವೇ ಹೇಳಿಕೊಳ್ಳುವುದಿಲ್ಲ. ಹಾಗೆ ಹೇಳಿಕೊಂಡಿದ್ದರೆ ನಾಚಿಕೆಯಿಂದ ಅಲ್ಲೇ ನಿಲ್ಲುತ್ತಿದ್ದೆವು. ನಡತೆಯ ಮಾತು ಆಡುತ್ತಿದ್ದೇವೆ ಎಂದುಕೊಂಡೇ ಮುಖದ ತೀರ್ಪು ಕೊಡುತ್ತೇವೆ.

ಆ ನಡತೆಯಾದರೂ ಎಲ್ಲಿಂದ ಬಂತು? ಇದಕ್ಕೆ ಉತ್ತರದಂತಿರುವ ಒಂದು ಪ್ರಯೋಗವನ್ನು ಮಾರ್ಕ್ ಸ್ನೈಡರ್, ಎಲಿಜಬೆತ್ ಟ್ಯಾಂಕಿ ಮತ್ತು ಮೇಲೆ ಹೇಳಿದ ಬರ್ಶೈಡ್ 1977ರಲ್ಲಿ ಪ್ರಕಟಿಸಿದರು. ಗುರುತಿಲ್ಲದ ಹುಡುಗ ಹುಡುಗಿ ಟೆಲಿಫೋನಿನಲ್ಲಿ ಮಾತಾಡಬೇಕು. ಮೊದಲೇ ಹುಡುಗನ ಕೈಗೆ ಒಂದು ಫೋಟೋ ಕೊಟ್ಟು, ಮಾತಾಡುವವಳು ಇವಳೇ ಎನ್ನುತ್ತಾರೆ. ಫೋಟೋ ಅವಳದ್ದಲ್ಲ. ಕೆಲವರಿಗೆ ಚೆಲುವೆಯ ಫೋಟೋ, ಕೆಲವರಿಗೆ ಚೆಲುವಿಲ್ಲದವಳ ಫೋಟೋ. ಹುಡುಗಿಗೆ ಈ ಫೋಟೋದ ಸಂಗತಿಯೇ ಗೊತ್ತಿಲ್ಲ. ಆಮೇಲೆ ಹುಡುಗಿಯರ ಮಾತನ್ನು ಮಾತ್ರ ಧ್ವನಿಮುದ್ರಣದಲ್ಲಿ ಬೇರೆಯವರಿಗೆ ಕೇಳಿಸಿದರು. ಚೆಲುವೆ ಎಂದು ನಂಬಿ ಮಾತಾಡಿಸಿದ ಹುಡುಗಿಯರ ಮಾತು ನಿಜವಾಗಿಯೂ ಹೆಚ್ಚು ಬೆಚ್ಚಗೆ, ಹೆಚ್ಚು ಗೆಲುವಾಗಿ ಕೇಳಿಸಿತು. ಅವರು ಹೇಗಿದ್ದರು ಎನ್ನುವುದಕ್ಕಿಂತ ಅವರನ್ನು ಹೇಗೆ ಮಾತಾಡಿಸಿದರು ಎನ್ನುವುದು ಅವರ ಕೊರಳಿನಲ್ಲಿ ಬಂತು.

ಬಿ.ಎಡ್.ನಲ್ಲಿ ನಾವು ರೋಸೆಂಥಾಲ್ ಹೆಸರು ಬಾಯಿಪಾಠ ಮಾಡಿದ್ದೆವು: ಉಪಾಧ್ಯಾಯರ ನಿರೀಕ್ಷೆ ಹೇಗಿದೆಯೋ ಮಗುವಿನ ಕಲಿಕೆ ಹಾಗೆ. ಐದು ಅಂಕದ ಟಿಪ್ಪಣಿ ಅದು. ಆ ಹುಡುಗಿ ಎಂಟನೆಯ ತರಗತಿಗೆ ಬಂದ ದಿನದಿಂದ ನಾನು ಅವಳನ್ನು ಮುಖ ನೋಡಿ ಒಂದು ಸಲವೂ ಪ್ರಶ್ನೆ ಕೇಳಿರಲಿಲ್ಲ. ಕೇಳಿದಾಗಲೂ ಉತ್ತರ ಬರುವ ಮೊದಲೇ ಮುಂದಿನವರ ಕಡೆ ತಿರುಗುತ್ತಿದ್ದೆ. ನೆಲ ನೋಡುವುದನ್ನು ಅವಳು ಮನೆಯಿಂದ ಕಲಿತು ಬಂದಿದ್ದಳೋ ನನ್ನಿಂದ ಕಲಿತಳೋ! ನಿಜವಾದ ಬುದ್ಧಿಗೂ ರೂಪಕ್ಕೂ ಹೆಚ್ಚು ಕಡಿಮೆ ಸಂಬಂಧವೇ ಇಲ್ಲ ಎಂದು ಅಲನ್ ಫೈನ್‌ಗೋಲ್ಡ್ ಎಂಬುವರು ಅನೇಕ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 1992ರಲ್ಲಿ ಬರೆದರಂತೆ. ನನ್ನ ಹಾಜರಿ ಪುಸ್ತಕಗಳನ್ನು ನೋಡಿದರೆ ನನಗೂ ಅದು ಕಾಣುತ್ತಿತ್ತು, ನಾನು ನೋಡಿರಲಿಲ್ಲ.

ಇಂಥ ವಿಷಯವನ್ನು ಹಿಡಿದು ಜೀವಮಾನವೆಲ್ಲ ದುಡಿದದ್ದಕ್ಕೆ ಎಲೈನ್ ಹ್ಯಾಟ್‌ಫೀಲ್ಡ್ ಅವರಿಗೆ ಮೊದಲು ಸಿಕ್ಕಿದ ದೊಡ್ಡ ಪ್ರಚಾರ ಗೇಲಿಯದು. ಪ್ರೀತಿಯ ಮೇಲಿನ ಅಧ್ಯಯನಕ್ಕೆಂದು ಸರ್ಕಾರ ಅವರಿಗೂ ಬರ್ಶೈಡ್‌ಗೂ 84,000 ಡಾಲರ್ ಕೊಟ್ಟಿತ್ತು. 1975ರ ಮಾರ್ಚ್‌ನಲ್ಲಿ ವಿಲಿಯಂ ಪ್ರಾಕ್ಸ್‌ಮೈರ್ ಎಂಬ ಸೆನೆಟರು ಅದನ್ನು ಜನರ ದುಡ್ಡು ಪೋಲು ಮಾಡಿದ್ದಕ್ಕೆ ಕೊಡುವ ‘ಗೋಲ್ಡನ್ ಫ್ಲೀಸ್’ ಎಂಬ ಅಣಕದ ಪ್ರಶಸ್ತಿಗೆ ಆರಿಸಿದರು. ಕೆಲವು ಸಂಗತಿಗಳು ಗುಟ್ಟಾಗಿಯೇ ಇದ್ದರೆ ಚೆಂದ ಎಂಬುದು ಅವರ ವಾದ. ಎಲೈನ್ ಬಿಡಲಿಲ್ಲ. 1986ರಲ್ಲಿ ಸೂಸನ್ ಸ್ಪ್ರೆಷರ್ ಜೊತೆಗೂಡಿ, ನಿತ್ಯದ ಬದುಕಿನಲ್ಲಿ ರೂಪದ ಪಾತ್ರವೇನು ಎಂಬುದರ ಮೇಲೆ ‘ಮಿರರ್, ಮಿರರ್’ ಎಂಬ ಪುಸ್ತಕವನ್ನೇ ತಂದರು.

ನಮ್ಮಲ್ಲೂ ಇದು ಹಗುರ ಮಾತು ಎಂದೇ ಎಣಿಕೆ. 1996ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಊರೆಲ್ಲ ಪ್ರತಿಭಟನೆ, ಈಜುಡುಗೆಯ ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಸಾಗಿಸಿದ್ದರು. ಸ್ಟಾಫ್ ರೂಮಿನಲ್ಲಿ ದಿನವೂ ಚರ್ಚೆ: ಹೆಣ್ಣುಮಕ್ಕಳನ್ನು ಹೀಗೆ ಸಾಲಾಗಿ ನಿಲ್ಲಿಸಿ ಅಂಕ ಹಾಕುವುದು ಸಂಸ್ಕೃತಿಯೇ ಎಂದು ನಾನು ಟೇಬಲ್ ಗುದ್ದಿ ಮಾತಾಡಿದ್ದೆ. ಅದೇ ವಾರ ರಾಜ್ಯೋತ್ಸವದ ಸಭೆಗೆ ಆರತಿ ಹಿಡಿಯುವವರನ್ನು ಸಾಲಾಗಿ ನಿಲ್ಲಿಸಿ ಆರಿಸಿದ್ದೆ. ಎರಡಕ್ಕೂ ಸಂಬಂಧ ಇದೆ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

2024ರ ಗಣರಾಜ್ಯೋತ್ಸವದಿಂದ ನಾನು ಚೀಟಿ ಎತ್ತಿಸುತ್ತೇನೆ. ಹಾಜರಿ ಸಂಖ್ಯೆ ಬರೆದು ಡಬ್ಬಿಯಲ್ಲಿ ಹಾಕಿ ಮಕ್ಕಳ ಕೈಯಲ್ಲೇ ತೆಗೆಸುವುದು. ಎಲೈನ್ ಅವರ ಕಂಪ್ಯೂಟರಿನ ಹಾಗೆ, ಸುಳ್ಳು ಹೇಳದೆ. ಮೊದಲ ಸಲ ಬಂದ ಹುಡುಗಿಯ ಕೈ ನಡುಗಿ ಕರ್ಪೂರ ಆರಿತು. “ಬ್ಯಾರೆ ಯಾರೂ ಸಿಗಲಿಲ್ಲೇನ್ರಿ ಮೇಡಂ?” ಎಂದು ಮುಖ್ಯೋಪಾಧ್ಯಾಯರು ಮೆಲ್ಲಗೆ ಕೇಳಿದರು. ಎರಡನೆಯ ಸಲ ಚೀಟಿಯಲ್ಲಿ ಬಹಳ ಲಕ್ಷಣವಾದ ಹುಡುಗಿಯೊಬ್ಬಳ ಸಂಖ್ಯೆ ಬಂತು. ಆಗ ನನಗೆ ಒಳಗೊಳಗೇ ಹಾಯೆನಿಸಿದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಅದೇ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ ಹೊಸಪೇಟೆಯಿಂದ ಗಾದಿಗನೂರಿಗೆ ಬಳ್ಳಾರಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಹಣವಿಲ್ಲದಂತಾದ ಮೇಲೆ, 2023ರ ಜೂನಿನಿಂದ, ಬಸ್ಸಿನಲ್ಲಿ ಕೂರಲು ಸ್ಥಳ ಸಿಗುವುದು ಪುಣ್ಯವಂತರಿಗೆ ಮಾತ್ರ. ಕಂಬಿ ಹಿಡಿದು ನಿಂತೆ. “ಆಧಾರ್ ತೆಗೀರಿ, ಆಧಾರ್, ಒಳಗ ಸರೀರಿ, ಅಣ್ಣಾ ನಿನ್ನ ಚೀಲ ಯಾರ ತಲೀ ಮ್ಯಾಲೂ ಬೀಳಬಾರದು” ಎನ್ನುತ್ತ ಖಾಕಿ ತೊಟ್ಟ ಕಂಡಕ್ಟರಮ್ಮ ಬಂದಳು. ಮುಂದೆ ಬಂದ ಹಲ್ಲು, ಸ್ವಲ್ಪ ಮೆಳ್ಳೆಗಣ್ಣು. ಯಾವ ಮುಖದ ಕಾರಣಕ್ಕೆ ಅವಳ ಚೀಲ ಸುರಿದಿದ್ದೆನೋ ಅದೇ ಮುಖದಿಂದ ಇಪ್ಪತ್ತು ವರ್ಷದ ಮೇಲೂ ಒಂದೇ ನೋಟಕ್ಕೆ ಗುರುತು ಹಿಡಿದೆ. ಅವಳಿಗೆ ನನ್ನ ಗುರುತು ತಡವಾಗಿ ಆಯಿತು. ಕಾರ್ಡನ್ನು ನೋಡಿದಳು, ನನ್ನನ್ನು ನೋಡಿದಳು. ಆಧಾರ್ ಫೋಟೋದಲ್ಲಿ ಎಂಥವರೂ ಪೊಲೀಸ್ ಠಾಣೆಯ ಗೋಡೆಯ ಮೇಲಿನವರ ಹಾಗೆಯೇ ಕಾಣುತ್ತಾರೆ. “ಇದು ನೀವೇನ್ರಿ? ಟೀಚರ್ ಅಲ್ರೀ ನೀವು?” ಎಂದವಳು ತಿರುಗಿ, ಹೆಂಗಸರ ಸೀಟಿನಲ್ಲಿ ಮೊಬೈಲು ಒತ್ತುತ್ತ ಕೂತಿದ್ದ ಹುಡುಗನಿಗೆ, “ಏಳಪ್ಪಾ, ನಮ್ಮ ಟೀಚರ್ ಅದಾರ” ಎಂದಳು. ಅವನು ತಟ್ಟನೆ ಎದ್ದ. ಬಸ್ಸಿಗೆ ಬಸ್ಸೇ ಅವಳ ಮಾತು ಕೇಳುತ್ತಿತ್ತು.

ಪಾಪಿನಾಯಕನಹಳ್ಳಿಯಲ್ಲಿ ಬಹಳ ಜನ ಇಳಿದರು. ಅವಳು ಬಂದು ನನ್ನ ಪಕ್ಕ ಕೂತು ಟಿಕೆಟ್ ಮಷಿನ್ ತೊಡೆಯ ಮೇಲಿಟ್ಟುಕೊಂಡಳು. ಎರಡು ಮಕ್ಕಳಂತೆ, ಗಂಡನಿಗೆ ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸವಂತೆ. ನಾನು ಇಪ್ಪತ್ತು ವರ್ಷ ಹೇಳದಿದ್ದುದನ್ನು ಅಂತೂ ಬಾಯಿಗೆ ತಂದೆ.

“ಅವತ್ತು, ಹಂಪಿಗೆ ಹೋಗೋ ಮೊದಲು, ನಿನ್ನ ಬ್ಯಾಗ್ ನೋಡಿದ್ದೆ ನೋಡವ್ವ.”

“ಯಾವ ಬ್ಯಾಗ್ರಿ?” ಎಂದು ಒಂದು ಗಳಿಗೆ ಯೋಚಿಸಿದಳು. ಆಮೇಲೆ ನಕ್ಕಳು, ಆ ಹಲ್ಲು ಪೂರ್ತಿ ಕಾಣುವ ಹಾಗೆ. “ಓ, ಅದಾ! ಅದೇನು ಬಿಡ್ರಿ ಟೀಚರ್. ಏನ್ ಕಳದ್ರೂ ಎಲ್ಲಾರೂ ನನ್ನ ಬ್ಯಾಗೇ ಮೊದ್ಲು ನೋಡ್ತಿದ್ರು.”

ತಪ್ಪಾಯಿತವ್ವ ಎಂದೆ. ಬಸ್ಸಿನ ಸದ್ದಿನಲ್ಲಿ ಅದು ಅವಳಿಗೆ ಕೇಳಿಸಿತೋ ಇಲ್ಲವೋ. ಅಷ್ಟರಲ್ಲಿ ಗಾದಿಗನೂರು ಬಂತು. ಅವಳು ಎದ್ದು ಸೀಟಿ ಊದಿ, “ಹುಷಾರಾಗಿ ಇಳೀರಿ ಟೀಚರ್, ಮೆಟ್ಟಲು ಎತ್ತರ ಐತಿ” ಎಂದು ನನ್ನ ಚೀಲವನ್ನು ತಾನೇ ಹಿಡಿದು ಕೆಳಗೆ ಕೊಟ್ಟಳು.